ನೌಕೆಯ ಬಾಲಕ್ಕೆ ಅಂಟಿದ ಹೊಳಪು: ಲ್ಯಾಪ್‌ಟಾಪ್‌ನಲ್ಲಿ ಒಂದು ಮಾದರಿ ಕಟ್ಟುವ ಬಗೆ

1982ರ ಮಾರ್ಚ್‌ನಲ್ಲಿ ನಡೆದ ಎಸ್‌ಟಿಎಸ್-3 ಹಾರಾಟದ ವೇಳೆ, ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಭೂಮಿಯ ನೆರಳಿನೊಳಗೆ ಸಾಗುವಾಗ ಗಗನಯಾತ್ರಿಗಳಾದ ಜಾಕ್ ಲೌಸ್ಮಾ ಮತ್ತು ಗಾರ್ಡನ್ ಫುಲರ್ಟನ್ ತೆಗೆದ ಚಿತ್ರಗಳಲ್ಲಿ ಬಾಲದ ರೆಕ್ಕೆಗೂ ಅದರ ಬುಡದ ಎಂಜಿನ್ ಗೂಡುಗಳಿಗೂ ಕಿತ್ತಳೆಗೆಂಪು ಬೆಳಕಿನ ಅಂಚು ಮೂಡಿತ್ತು. ಆಗ ನೌಕೆ ಇದ್ದದ್ದು ಸುಮಾರು 240 ಕಿ.ಮೀ. ಎತ್ತರದಲ್ಲಿ. ಅದಕ್ಕೂ ಮೊದಲೇ ಅಟ್ಮಾಸ್ಫಿಯರ್ ಎಕ್ಸ್‌ಪ್ಲೋರರ್ ಉಪಗ್ರಹಗಳ ಬೆಳಕಿನ ಮಾಪಕಗಳು ಎಲ್ಲಿಂದಲೋ ಹೆಚ್ಚುವರಿ ಬೆಳಕನ್ನು ಎಣಿಸುತ್ತಿದ್ದವು. ಅದು ಆಕಾಶದ್ದಲ್ಲ, ಉಪಗ್ರಹದ ಮೈಯದ್ದೇ ಎಂಬುದು ಆಮೇಲೆ ಸ್ಪಷ್ಟವಾಯಿತು.

ಈ ಬೆಳಕಿನ ಅಂಚಿನ ದಪ್ಪವನ್ನು ಎಲ್ಲರೂ 20 ಸೆಂ.ಮೀ. ಎನ್ನುತ್ತಾರೆ. ಈ ಹೊಳಪನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿ ಕಟ್ಟುವವರು ಮೊದಲು ಎಡವುವುದು ಇದೇ ಸಂಖ್ಯೆಯಲ್ಲಿ. ಇಪ್ಪತ್ತನ್ನು ನೇರ ಕೋಡ್‌ಗೆ ತುಂಬಿದರೆ ಚಿತ್ರವೇನೋ ಚೆನ್ನಾಗಿ ಬರುತ್ತದೆ, ಅದರ ಹಿಂದಿನ ಭೌತಶಾಸ್ತ್ರ ಮಾತ್ರ ತಪ್ಪಾಗಿರುತ್ತದೆ. 20 ಸೆಂ.ಮೀ. ಎಂಬುದು ಮಾದರಿಯಿಂದ ಹೊರಬರಬೇಕಾದ ಉತ್ತರ.

ಏನು ನಡೆಯುತ್ತದೆ

ನೌಕೆಯ ವೇಗ ಸೆಕೆಂಡಿಗೆ 7.76 ಕಿ.ಮೀ. ಆ ಎತ್ತರದಲ್ಲಿ ಗಾಳಿಯ ಮುಖ್ಯ ಘಟಕ ಆಮ್ಲಜನಕದ ಬಿಡಿ ಪರಮಾಣು. ನೌಕೆಯ ಕಡೆಯಿಂದ ನೋಡಿದರೆ ಒಂದೊಂದು ಪರಮಾಣುವೂ ಸುಮಾರು 5 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಬಂದು ಬಡಿಯುತ್ತದೆ. ಮೈಮೇಲೆ ಅಂಟಿಕೊಂಡಿದ್ದ ನೈಟ್ರಿಕ್ ಆಕ್ಸೈಡ್ ಅಣುವಿಗೆ ಅದು ತಗುಲಿ ಕೂಡಿದರೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಈ ಬಂಧದಿಂದ ಸಿಗುವ ಸುಮಾರು 3.1 ಎಲೆಕ್ಟ್ರಾನ್ ವೋಲ್ಟ್ ಹೊಸ ಅಣುವನ್ನು ಉದ್ರಿಕ್ತ ಸ್ಥಿತಿಯಲ್ಲಿ ಹೊರಗೆ ಎಸೆಯುತ್ತದೆ. ಅಣು ಮೈ ಬಿಟ್ಟು ಹಾರುತ್ತಾ, ಹತ್ತಾರು ಮೈಕ್ರೊಸೆಕೆಂಡುಗಳೊಳಗೆ ಬೆಳಕು ಚೆಲ್ಲುತ್ತದೆ. ಹೊಳಪು ಮೈಗೆ ಅಂಟಿದ ಬಣ್ಣದ ಹಾಗೆ ಇರದೆ ತುಸು ಆಚೆಗೂ ಹರಡಿರುವುದು ಇದರಿಂದ. ಈ ಬೆಳಕಿನ ರೋಹಿತ ಗೆರೆಗೆರೆಯಾಗಿಲ್ಲ, ಒಂದೇ ಸಮನೆ ಹಬ್ಬಿದೆ. ಶಿಖರ 680 ನ್ಯಾನೋಮೀಟರ್ ಹತ್ತಿರ. 1991ರ ಎಸ್‌ಟಿಎಸ್-39 ಹಾರಾಟದಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲವನ್ನೇ ಬಿಟ್ಟು ನೋಡಿದಾಗ ಹೊಳಪು ಜೋರಾಗಿ ಏರಿತು. ಅಲ್ಲಿಗೆ ಈ ವಿವರಣೆ ಗಟ್ಟಿಯಾಯಿತು.

ಬೇಕಾದ ಸಾಮಾನು

8 ಜಿಬಿ ಮೆಮೊರಿಯ ಸಾಧಾರಣ ಲ್ಯಾಪ್‌ಟಾಪ್ ಸಾಕು. ಪೈಥಾನ್ ಭಾಷೆ, ಲೆಕ್ಕಕ್ಕೆ ಅದರ ನಂಪೈ, ಸೈಪೈ, ಲೂಪ್‌ಗಳನ್ನು ಚುರುಕುಗೊಳಿಸಲು ನಂಬಾ, ಗಾಳಿಯ ಸಾಂದ್ರತೆಗೆ ಪೈಎಂಎಸ್‌ಐಎಸ್. ನೌಕೆಯ ಪೂರ್ತಿ ಆಕಾರ ಬೇಕೆಂದರೆ ಎಸ್‌ಟಿಎಲ್ ಕಡತ ಓದಲು ಟ್ರೈಮೆಶ್. ಆದರೆ ಮೊದಲ ಸುತ್ತಿಗೆ ಎಸ್‌ಟಿಎಲ್ ಮುಟ್ಟುವುದೇ ಬೇಡ. ಕ್ಯಾಮೆರಾ ನೋಡುವ ದಿಕ್ಕಿನಲ್ಲಿ 3 ಮೀ., ಎತ್ತರದಲ್ಲಿ 2 ಮೀ. ಇರುವ ಒಂದು ಚಪ್ಪಟೆ ಹಲಗೆಯಿಂದ ಶುರುಮಾಡಿ. ಹಲಗೆಗೆ ಕಾಗದದ ಮೇಲೆಯೇ ಉತ್ತರ ತೆಗೆಯಬಹುದು. ನೌಕೆಯ ಆಕಾರಕ್ಕೆ ಆಗುವುದಿಲ್ಲ. ಹಲಗೆಯಲ್ಲಿ ತಾಳೆಯಾಗದ ಕೋಡ್ ನೌಕೆಯಲ್ಲಿ ಸರಿ ಹೋಗುವುದಿಲ್ಲ.

ಗಾಳಿ

ಪೈಎಂಎಸ್‌ಐಎಸ್‌ಗೆ ದಿನಾಂಕ, ರೇಖಾಂಶ, ಅಕ್ಷಾಂಶ, ಎತ್ತರ ಕೊಟ್ಟರೆ ಸಾಂದ್ರತೆಗಳ ಸಾಲು ಬರುತ್ತದೆ. ಸೌರ ಸೂಚ್ಯಂಕ ಕೊಡದಿದ್ದರೆ ಆ ದಿನದ್ದನ್ನು ಅದೇ ಇಳಿಸಿಕೊಳ್ಳುತ್ತದೆ. ಇಲ್ಲಿ ಮೂರು ಕಡೆ ಕೈಕೊಡುತ್ತದೆ. ಮೊದಲನೆಯದು ಅದರೊಳಗಿನ ವಾತಾವರಣ ಮಾದರಿಯ ಆವೃತ್ತಿ: 2.1 ಎಂದೇ ಕೇಳಬೇಕು. ಹಳೆಯ ಆವೃತ್ತಿಗಳಲ್ಲಿ ನೈಟ್ರಿಕ್ ಆಕ್ಸೈಡ್ ಇರುವುದಿಲ್ಲ. ಆ ಕಂಬದಲ್ಲಿ 'ಸಂಖ್ಯೆಯಲ್ಲ' ಎಂಬ ಗುರುತು ಬಂದು, ಮುಂದಿನ ಲೆಕ್ಕವೆಲ್ಲ ಸದ್ದಿಲ್ಲದೆ ಹಾಳಾಗುತ್ತದೆ. ಸೊನ್ನೆಯಿಂದ ಎಣಿಸಿದರೆ ಆಮ್ಲಜನಕದ ಪರಮಾಣು 3ನೇ ಕಂಬ, ನೈಟ್ರಿಕ್ ಆಕ್ಸೈಡ್ 9ನೆಯದು, ತಾಪ 10ನೆಯದು. ಎರಡನೆಯದು ಮಾನ: ಉತ್ತರ ಘನ ಮೀಟರ್ ಲೆಕ್ಕದಲ್ಲಿ ಬರುತ್ತದೆ, ಹೊಳಪಿನ ಹಳೆಯ ಲೇಖನಗಳೆಲ್ಲ ಘನ ಸೆಂಟಿಮೀಟರ್‌ನಲ್ಲಿವೆ, ಹತ್ತು ಲಕ್ಷ ಪಟ್ಟು ವ್ಯತ್ಯಾಸ. ಮೂರನೆಯದು ಆಕಾರ: ದಿನಾಂಕ, ರೇಖಾಂಶ, ಅಕ್ಷಾಂಶ, ಎತ್ತರ ನಾಲ್ಕೂ ಒಂದೇ ಉದ್ದದ ಪಟ್ಟಿಗಳಾಗಿದ್ದರೆ ಅದು ಕಕ್ಷೆಯ ಜಾಡು ಎಂದು ಎಣಿಸಿ ಸಾಲಿಗೊಂದು ಉತ್ತರ ಕೊಡುತ್ತದೆ. ಉದ್ದ ಬೇರೆಬೇರೆ ಇದ್ದರೆ ಪೂರ್ತಿ ಜಾಲರಿ ಹಾಕಿ ಐದು ಆಯಾಮದ ಪಟ್ಟಿ ಕೊಡುತ್ತದೆ. ಕಕ್ಷೆಯ ಒಂದು ಸುತ್ತಿಗೆ ಮೊದಲನೆಯ ರೀತಿಯೇ ಬೇಕು.

ಬಡಿಯುವ ಪರಮಾಣುಗಳು

ಸಾಂದ್ರತೆಯನ್ನು ವೇಗದಿಂದಲೂ, ಎದುರುಗಾಳಿಗೂ ಮೈಯ ಲಂಬಕ್ಕೂ ನಡುವಿನ ಕೋನದ ಕೊಸೈನ್‌ನಿಂದಲೂ ಗುಣಿಸಿದರೆ ಫ್ಲಕ್ಸ್ (ಮೈಯ ಒಂದಿಷ್ಟು ಜಾಗಕ್ಕೆ ಸೆಕೆಂಡಿಗೆ ಬಡಿಯುವ ಪರಮಾಣುಗಳ ಎಣಿಕೆ) ಸಿಕ್ಕಿತು ಎಂದುಕೊಳ್ಳುವುದು ಎದುರುಮುಖದ ಮೈಗೆ ಸರಿ. ಬಾಲದ ಪಕ್ಕೆ ಹಾಗಲ್ಲ, ಅದು ಗಾಳಿಗೆ ಬಹುತೇಕ ಸಮಾನಾಂತರ. ಓಡುವ ಬಸ್ಸಿನ ಮುಂದಿನ ಗಾಜಿಗೆ ಮಳೆ ರಾಚುತ್ತದೆ, ಪಕ್ಕದ ಕಿಟಕಿಯೂ ಪೂರ್ತಿ ಒಣಗಿರುವುದಿಲ್ಲ. 1000 ಕೆಲ್ವಿನ್ ಗಾಳಿಯಲ್ಲಿ ಆಮ್ಲಜನಕ ಪರಮಾಣುವಿನ ಅತಿ ಸಂಭವನೀಯ ಉಷ್ಣ ವೇಗ ಸೆಕೆಂಡಿಗೆ ಸುಮಾರು 1.02 ಕಿ.ಮೀ.; ನೌಕೆಯ ವೇಗ ಅದರ ಏಳೂವರೆ ಪಟ್ಟು. ಮ್ಯಾಕ್ಸ್‌ವೆಲ್ ಹಂಚಿಕೆಯನ್ನು (ಪರಮಾಣುಗಳ ಉಷ್ಣ ವೇಗಗಳ ಹರವನ್ನು) ಸೇರಿಸಿಕೊಂಡ ಸೂತ್ರ ಬಳಸಿದರೆ, ಸರಿಯಾಗಿ 90 ಡಿಗ್ರಿಯಲ್ಲಿ ನಿಂತ ಮೈಗೂ ಎದುರುಮುಖದ ಶೇ. 3.7ರಷ್ಟು ಬೀಳುತ್ತದೆ. 95 ಡಿಗ್ರಿಗೆ, ಅಂದರೆ ಗಾಳಿಗೆ ಬೆನ್ನು ತಿರುಗಿಸಿದ ಮೇಲೂ, ಶೇ. 0.9 ಹತ್ತಿರ. 80 ಡಿಗ್ರಿಯಲ್ಲಿ ಮಾತ್ರ ಬರೀ ಕೊಸೈನ್‌ಗೂ ಇದಕ್ಕೂ ಗಮನಿಸುವಷ್ಟು ವ್ಯತ್ಯಾಸವಿಲ್ಲ.

ಈ ಕಡೆಯ ಕೆಲವು ಡಿಗ್ರಿಗಳೇ ಮುಖ್ಯವಾದ್ದರಿಂದ ವಾತಾವರಣ ಭೂಮಿಯ ಜೊತೆ ತಿರುಗುವುದನ್ನೂ ಬಿಡುವಂತಿಲ್ಲ. ಸಮಭಾಜಕದ ಮೇಲೆ ಆ ಎತ್ತರದಲ್ಲಿ ಗಾಳಿ ಸೆಕೆಂಡಿಗೆ 0.48 ಕಿ.ಮೀ. ಪೂರ್ವಕ್ಕೆ ಓಡುತ್ತಿರುತ್ತದೆ. ಎಸ್‌ಟಿಎಸ್-3ರ ಕಕ್ಷೆ 38 ಡಿಗ್ರಿ ವಾಲಿತ್ತು; ಸಮಭಾಜಕ ದಾಟುವಾಗ ಎದುರುಗಾಳಿಯ ದಿಕ್ಕು ನೌಕೆಯ ಪಥದಿಂದ ಸುಮಾರು 2.3 ಡಿಗ್ರಿ ಸರಿದಿರುತ್ತದೆ. ಎದುರುಮುಖಕ್ಕೆ ಇದು ಲೆಕ್ಕಕ್ಕಿಲ್ಲ. ಬಾಲದ ಎರಡು ಪಕ್ಕೆಗಳಲ್ಲಿ ಒಂದು ಬೆಳಗಿ ಇನ್ನೊಂದು ಮಂಕಾಗಲು ಇಷ್ಟು ಸಾಕು. ಚಿತ್ರದಲ್ಲಿ ಎಡಬಲ ಸಮವಾಗಿಲ್ಲ ಎಂದು ಮೆಶ್ ತಿದ್ದಲು ಹೊರಡುವ ಮುನ್ನ ಇದನ್ನು ಸೇರಿಸಿದ್ದೀರಾ ನೋಡಿ.

ಮೈಯ ತಾಪ, ಮೈಯ ವಸ್ತು

ತಣ್ಣನೆಯ ಮೈ ಹೆಚ್ಚು ಹೊಳೆಯುತ್ತದೆ, ಏಕೆಂದರೆ ನೈಟ್ರಿಕ್ ಆಕ್ಸೈಡ್ ಅಲ್ಲಿ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ. ಹಾರಾಟಗಳ ಹೋಲಿಕೆಯಿಂದ ಬಂದ 0.14 ಎಲೆಕ್ಟ್ರಾನ್ ವೋಲ್ಟ್ ಅಂಟುಶಕ್ತಿಯನ್ನು ಘಾತೀಯ ಪದಕ್ಕೆ ಹಾಕಿದರೆ, 300 ಕೆಲ್ವಿನ್‌ನಿಂದ 250ಕ್ಕೆ ಇಳಿದಾಗ ಹೊಳಪು ಸುಮಾರು 3 ಪಟ್ಟು, 200ಕ್ಕೆ ಇಳಿದಾಗ 15 ಪಟ್ಟು. 300 ಕೆಲ್ವಿನ್‌ನಲ್ಲಿ ಬೆಲೆ 1 ಬರುವಂತೆ ಭಾಗಿಸಿಕೊಳ್ಳಿ. ಆದರೂ 100 ಕೆಲ್ವಿನ್‌ಗೆ ತಣಿದ ಒಂದೇ ಒಂದು ಫಲಕ ಸುಮಾರು 50 ಸಾವಿರದ ಗುಣಕದೊಂದಿಗೆ ಇಡೀ ಚಿತ್ರವನ್ನು ನುಂಗಿಬಿಡುತ್ತದೆ. ಅಂಟಲು ಜಾಗವೂ ಸೀಮಿತವಾದ್ದರಿಂದ ಲ್ಯಾಂಗ್‌ಮ್ಯೂರ್ ರೀತಿಯ ಮಿತಿ ಹಾಕಿ. ಆವರಿಕೆ, ಅಂದರೆ ಅಣುಗಳು ತುಂಬಿದ ಜಾಗದ ಪಾಲು, ಒಂದನ್ನು ದಾಟಬಾರದು.

ವಸ್ತುವಿಗೆ ಬರೀ ಒಂದು ಗುಣಕ ಸಾಕು. 1984ರ ಎಸ್‌ಟಿಎಸ್-41ಡಿ ಹಾರಾಟದಲ್ಲಿ ಪರೀಕ್ಷೆಗೆ ಇಟ್ಟ ವಸ್ತುಗಳ ತುಂಡುಗಳಲ್ಲಿ ಝೆಡ್-306 ಎಂಬ ಕಪ್ಪು ಬಣ್ಣ ಹೆಚ್ಚು ಹೊಳೆದಿತ್ತು, ಪಾಲಿಎಥಿಲೀನ್ ಕಡಿಮೆ.

ಮೈ ಬಿಟ್ಟು ಹೊರಡುವ ಅಣು

ಚಿತ್ರವನ್ನು ತೀರ್ಮಾನಿಸುವುದು ಒಂದೇ ಉದ್ದ: ಅಣುವಿನ ವೇಗ ಗುಣಿಸು ಅದರ ಆಯಸ್ಸು. ಇದನ್ನು ಹಾರುದೂರ ಎನ್ನೋಣ. ವೇಗ, ಆಯಸ್ಸು ಎರಡೂ ಬಿಡಿಬಿಡಿಯಾಗಿ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ, ಅವುಗಳ ಗುಣಲಬ್ಧ ಮಾತ್ರ ಕಾಣುತ್ತದೆ. ಹಾಗಾಗಿ ಚಿತ್ರಕ್ಕೆ ಕೂರಿಸಲು ಎರಡನ್ನೂ ಒಟ್ಟಿಗೆ ಸಡಿಲ ಬಿಟ್ಟರೆ ಯಾವ ಜೋಡಿಯೂ ಸರಿಹೋಗುತ್ತದೆ. ಆಯಸ್ಸನ್ನು 80 ಮೈಕ್ರೊಸೆಕೆಂಡಿಗೆ ಕಟ್ಟಿಹಾಕಿ, ವೇಗವನ್ನು ಮಾತ್ರ ಬದಲಿಸಿ.

ಅಣು ಮೈಯ ತಾಪಕ್ಕೆ ಪೂರ್ತಿ ಒಗ್ಗಿ ಹೊರಡುತ್ತದೆ ಎಂದು ಹಿಡಿದರೆ 300 ಕೆಲ್ವಿನ್‌ನಲ್ಲಿ ನೈಟ್ರೋಜನ್ ಡೈಆಕ್ಸೈಡ್‌ನ ಸರಾಸರಿ ವೇಗ ಸೆಕೆಂಡಿಗೆ 372 ಮೀ., ಹಾರುದೂರ 3 ಸೆಂ.ಮೀ. ಇಪ್ಪತ್ತಕ್ಕೆ ಎಲ್ಲಿಯೂ ಹತ್ತಿರವಿಲ್ಲ. ನೆಟ್ಟಗೆ ಲಂಬವಾಗಿ ಹೊರಡುತ್ತದೆ, ಹಾರುದೂರವೇ 20 ಎಂದು ಹಿಡಿದರೆ ಬೇಕಾದ ವೇಗ ಸೆಕೆಂಡಿಗೆ 2.5 ಕಿ.ಮೀ., ಶಕ್ತಿ 1.5 ಎಲೆಕ್ಟ್ರಾನ್ ವೋಲ್ಟ್. ಬಡಿದ ಪರಮಾಣು ತಂದದ್ದರಲ್ಲಿ ಶೇ. 30. ಇದು ನಡೆಯುವ ಮಾತು. ಆದರೆ ಅಣುಗಳು ಲಂಬವಾಗಿ ಮಾತ್ರ ಹೊರಡುವುದಿಲ್ಲ, ಎಲ್ಲ ಕಡೆಗೂ ಚೆದುರುತ್ತವೆ.

ಕೊಸೈನ್ ಹಂಚಿಕೆಯಲ್ಲಿ ಚೆದುರಿದರೆ ಮೈಯಿಂದ ದೂರ ಹೋದಂತೆ ಬೆಳಕು ಸರಳ ಘಾತೀಯವಾಗಿ ಇಳಿಯುವುದಿಲ್ಲ. ಎರಡನೇ ಕ್ರಮಾಂಕದ ಘಾತೀಯ ಅನುಕಲದಂತೆ ಇಳಿಯುತ್ತದೆ. ಸೈಪೈಯ ಎಕ್ಸ್‌ಪಿಎನ್ ಇದನ್ನು ನೇರವಾಗಿ ಕೊಡುತ್ತದೆ. ಮೈಗೆ ಹತ್ತಿರ ಕಡಿದಾದ ಇಳಿತ, ಆಮೇಲೆ ಉದ್ದದ ಬಾಲ. ಬೆಳಕು ಶೇ. 37ಕ್ಕೆ (1/e ಪಾಲಿಗೆ) ಇಳಿಯುವ ಜಾಗ ಹಾರುದೂರದ 0.43ರಲ್ಲೇ ಬಂದುಬಿಡುತ್ತದೆ. ಆ ಜಾಗ 20 ಸೆಂ.ಮೀ. ಆಗಬೇಕಾದರೆ ಹಾರುದೂರ 46 ಸೆಂ.ಮೀ., ವೇಗ ಸೆಕೆಂಡಿಗೆ 5.8 ಕಿ.ಮೀ., ಶಕ್ತಿ 8 ಎಲೆಕ್ಟ್ರಾನ್ ವೋಲ್ಟ್. ಬಂದದ್ದು 5, ಬಂಧದಿಂದ ಸಿಕ್ಕಿದ್ದು 3.1, ಅದರಲ್ಲಿ 680 ನ್ಯಾನೋಮೀಟರ್ ಬೆಳಕಿಗೇ 1.8 ತೆಗೆದಿಡಬೇಕು. ಲೆಕ್ಕ ತೂಗುವುದಿಲ್ಲ.

ಈಗ ಅದೇ ವಕ್ರರೇಖೆಯನ್ನು ಮೈಯ ಪಕ್ಕ ಬಿಟ್ಟು ಹಾರುದೂರದ ಅರ್ಧದಿಂದ ಎರಡು ಪಟ್ಟಿನವರೆಗಿನ ಭಾಗಕ್ಕೆ ಮಾತ್ರ ಸರಳ ಘಾತೀಯ ಕೂರಿಸಿ ನೋಡಿ. ಅಲ್ಲಿ ಇಳಿತದ ಉದ್ದ ಹಾರುದೂರದ 0.69. ಇದು 20 ಸೆಂ.ಮೀ. ಆಗಲು ಹಾರುದೂರ 29, ವೇಗ 3.6 ಕಿ.ಮೀ., ಶಕ್ತಿ 3.1 ಎಲೆಕ್ಟ್ರಾನ್ ವೋಲ್ಟ್. ಕಷ್ಟವಾದರೂ ಸಾಧ್ಯ. ಒಂದೇ ಚಿತ್ರ, ಒಂದೇ ಚೆದುರುವಿಕೆ. ಎಲ್ಲಿಂದ ಎಲ್ಲಿಗೆ ಕೂರಿಸಿದಿರಿ ಎಂಬುದರ ಮೇಲೆ ಒಮ್ಮೆ ಅಸಾಧ್ಯ, ಒಮ್ಮೆ ಸಾಧ್ಯ. ಆದ್ದರಿಂದ ಉತ್ತರದ ಜೊತೆ ಕೂರಿಸಿದ ವ್ಯಾಪ್ತಿಯನ್ನೂ ಕಡತದಲ್ಲಿ ಬರೆದಿಡುವುದು ಕಡ್ಡಾಯ. ಕೊಸೈನ್‌ನ ನಾಲ್ಕನೇ ಘಾತದಷ್ಟು ಲಂಬಕ್ಕೆ ಒತ್ತಿದ ಹಂಚಿಕೆಯಾದರೆ ಶೇ. 37ರ ಜಾಗ ಹಾರುದೂರದ 0.78ಕ್ಕೆ ಬರುತ್ತದೆ. ಆಗ ವೇಗ 3.2 ಕಿ.ಮೀ., ಶಕ್ತಿ 2.4, ಎಳೆದಾಟವಿಲ್ಲದೆ ಕೂರುತ್ತದೆ. ಕೋಡ್‌ನಲ್ಲಿ ಈ ಘಾತವನ್ನು ಹೊರಗಿನಿಂದ ಕೊಡುವ ಸಂಖ್ಯೆಯಾಗಿ ಇಡಿ.

ಸ್ವಲ್ಪ ಭಾಗ ಒಗ್ಗಿಕೊಂಡು ನಿಧಾನ ಹೊರಟರೂ ಎಚ್ಚರ ಬೇಕು. 3 ಸೆಂ.ಮೀ. ಹಾರುದೂರದ ಆ ಅಣುಗಳು ಮೈಗೆ ಒತ್ತಿಕೊಂಡೇ ಬೆಳಗುತ್ತವೆ. 29 ಸೆಂ.ಮೀ.ಯವುಗಳ ಜೊತೆ ಸಮಪಾಲು ಹಾಕಿದರೆ ಮೈಯ ಬಳಿ ಸುಮಾರು ಹತ್ತು ಪಟ್ಟು ಪ್ರಖರ. ಚಿತ್ರದಲ್ಲಿ ಎರಡು ಪದರ ಕಾಣುತ್ತದೆ.

ಗ್ರಿಡ್ ಮತ್ತು ಕಿರಣಗಳು

ಹಲಗೆಯ ಅಂಚುಗಳಿಂದ ಸುತ್ತ ಒಂದೊಂದು ಮೀಟರ್ ಬಿಟ್ಟು 5 × 4 × 1.5 ಮೀ. ಪೆಟ್ಟಿಗೆ, 2 ಸೆಂ.ಮೀ. ಕೋಶ. ಒಟ್ಟು 37.5 ಲಕ್ಷ ಕೋಶ, 32 ಬಿಟ್ ಸಂಖ್ಯೆಗಳಲ್ಲಿ 15 ಎಂಬಿ. ಹಲಗೆಯಿಂದ 10 ಲಕ್ಷ ಕಿರಣ (ಅಣುಗಳು ಹಾರುವ ದಾರಿ) ಹೊರಡಿಸಿ. ಪ್ರತಿ ಅಣು ಎಲ್ಲಿ ಬೆಳಗಿತು ಎಂದು ದಾಳ ಎಸೆದು ಎಣಿಸುವುದು ದಂಡ: ಒಂದು ಕೋಶದಲ್ಲಿ ಶೇ. 1ರ ನಿಖರತೆಗೆ ಹತ್ತು ಸಾವಿರ ಎಣಿಕೆ ಬೇಕು. ಬದಲಿಗೆ ಕಿರಣ ಕೋಶವನ್ನು ಹೊಕ್ಕ ದೂರ ಮತ್ತು ಹೊರಟ ದೂರ ಎರಡನ್ನೂ ಹಾರುದೂರದಿಂದ ಭಾಗಿಸಿ, ಎರಡು ಇಳಿಘಾತಗಳ ವ್ಯತ್ಯಾಸವನ್ನು ಆ ಕೋಶಕ್ಕೆ ಸೇರಿಸಿ. ಆ ಕೋಶದಲ್ಲಿ ಅಣು ಬೆಳಗುವ ನಿಖರ ಸಂಭಾವ್ಯತೆ ಅದೇ. ಕೋಶದಿಂದ ಕೋಶಕ್ಕೆ ಜಿಗಿಯಲು ಅಮನಾಟಿಡೆಸ್-ವೂ ವಿಧಾನ, ಅದರ ಲೂಪ್ ಮಾತ್ರ ನಂಬಾದೊಳಗೆ.

ಕೊಸೈನ್ ಹಂಚಿಕೆಗೆ ಯಾದೃಚ್ಛಿಕ ಸಂಖ್ಯೆಯ ವರ್ಗಮೂಲ ತೆಗೆಯಬೇಕು. ಸಂಖ್ಯೆಯನ್ನೇ ನೇರ ಕೊಸೈನ್ ಎಂದು ಬಳಸಿದರೆ ಎಲ್ಲ ದಿಕ್ಕಿಗೂ ಸಮ ಹಂಚಿಕೆಯಾಗುತ್ತದೆ, ಮೈಗೆ ತಾಗಿದಂತೆ ಹೋಗುವ ಕಿರಣಗಳು ವಿಪರೀತವಾಗುತ್ತವೆ. ಇದನ್ನು ಹಿಡಿಯುವ ಉಪಾಯ ಸುಲಭ. ಕೋಶವನ್ನು 2 ಸೆಂ.ಮೀ.ಯಿಂದ 1ಕ್ಕೆ, ಅರ್ಧಕ್ಕೆ ಇಳಿಸುತ್ತಾ ಹೋಗಿ. ಮೈ ಪಕ್ಕದ ಬೆಳಕು ಒಂದು ಬೆಲೆಗೆ ನಿಂತರೆ ಸರಿ. ಪ್ರತಿ ಸಲವೂ ಏರುತ್ತಲೇ ಇದ್ದರೆ ವರ್ಗಮೂಲ ಬಿಟ್ಟುಹೋಗಿದೆ.

ಇನ್ನೊಂದು ಕಾಟ ಓರೆ ಮೈಯದ್ದು. ಕೋಶದ ಅರ್ಧ ನೌಕೆಯೊಳಗೆ, ಅರ್ಧ ಹೊರಗೆ ಇದ್ದಾಗ ಬೆಳಕನ್ನು ಪೂರ್ತಿ ಕೋಶದ ಗಾತ್ರದಿಂದ ಭಾಗಿಸಿದರೆ ಮೈಗುಂಟ ಒಂದು ತೆಳ್ಳನೆಯ ಕಪ್ಪು ಗೆರೆ ಮೂಡುತ್ತದೆ. ನೋಡಲು ಎಷ್ಟು ಸಹಜವೆಂದರೆ, 'ಹೊಳಪು ಮೈಯಿಂದ ತುಸು ದೂರದಲ್ಲಿ ಶುರುವಾಗುತ್ತದೆ' ಎಂದು ಯಾರಾದರೂ ವಿವರಣೆ ಬರೆದಾರು. ಹೊರಗಿರುವ ಗಾತ್ರದಿಂದ ಮಾತ್ರ ಭಾಗಿಸಿ, ಗೆರೆ ಮಾಯ.

ಹಲಗೆಯ ಪರೀಕ್ಷೆ ಎರಡು. ಹಲಗೆಯ ನಡುಭಾಗವನ್ನು ನೇರ ಎದುರಿನಿಂದ ನೋಡಿದಾಗ ನೋಟದ ಗೆರೆಯ ಮೇಲಿನ ಒಟ್ಟು ಬೆಳಕು, ಮೈಯ ಚದರ ಸೆಂಟಿಮೀಟರಿಗೆ ಹೊರಟ ಬೆಳಕಿಗೆ ಸಮ ಇರಬೇಕು. 1.5 ಮೀ. ಎತ್ತರದಾಚೆಗೆ ಸೋರುವುದು ಶೇ. 1ಕ್ಕಿಂತ ಕಡಿಮೆ, ಅಂಚುಗಳಿಂದಾಗುವ ಕೊರತೆ ಬೇರೆ. ಹಲಗೆಯ ಉದ್ದಕ್ಕೂ ಅಂಚಿನಿಂದ ನೋಡಿದಾಗ ಮೈ ಪಕ್ಕದ ಗೆರೆಯಲ್ಲಿ 3 ಮೀ.ನ ಎರಡು ಪಟ್ಟನ್ನು ಹಾರುದೂರದಿಂದ ಭಾಗಿಸಿದಷ್ಟು ಬರಬೇಕು. 29 ಸೆಂ.ಮೀ.ಗೆ ಅದು ಸುಮಾರು 21 ಪಟ್ಟು. ಬಾಲದ ಅಂಚು ಬೆಳಗಿ, ಅಗಲವಾದ ಮುಖಗಳು ಮಂಕಾಗಿ ಕಾಣುವುದರ ಕಾರಣ ಈ ಗುಣಕ. ಹಲಗೆಯ ತುದಿಯಿಂದಾಚೆ ಚೆಲ್ಲಿದ ಬೆಳಕೂ ಅದೇ ನೋಟದ ಗೆರೆಯ ಮೇಲಿರುವುದರಿಂದ ಅದನ್ನು ಕಳೆದುಕೊಳ್ಳಬಾರದು. ಪೆಟ್ಟಿಗೆಯನ್ನು ಹಲಗೆಯ ಅಳತೆಗೇ ಕತ್ತರಿಸಿದವರಿಗೆ ಉತ್ತರ ಕಡಿಮೆ ಬರುವುದು ಅಲ್ಲೇ.

ಬಣ್ಣ

ಶಿಖರ 680 ನ್ಯಾನೋಮೀಟರ್‌ನಲ್ಲಿದ್ದರೂ ಚಿತ್ರಕ್ಕೆ ಕಡುಗೆಂಪು ಬಳಿಯಬೇಡಿ. ಹಗಲಿಗೆ ಹೊಂದಿಕೊಂಡ ಕಣ್ಣಿನ ಸಂವೇದನೆ 555ರಲ್ಲಿ 1 ಆದರೆ 600ರಲ್ಲಿ 0.63, 680ರಲ್ಲಿ ಬರೀ 0.017. ರೋಹಿತದ ಗಿಡ್ಡ ಅಲೆಯ ಇಳಿಜಾರೇ ಕಣ್ಣಿಗೆ ಹೆಚ್ಚು ತಾಗುವುದರಿಂದ ಬಣ್ಣ ಕಿತ್ತಳೆಯ ಕಡೆ ವಾಲುತ್ತದೆ. ಕಣ್ಣಿನ ಬಣ್ಣಸಂವೇದನೆಯ 1931ರ ಸಿಐಇ ಕೋಷ್ಟಕದಿಂದ ಗುಣಿಸಿ ಬಣ್ಣಕ್ಕೆ ಇಳಿಸಿ. ಫಿಲ್ಮ್ ಚಿತ್ರದ ಜೊತೆ ಹೋಲಿಸುವುದಾದರೆ ಕಣ್ಣಿನ ಬದಲು ಫಿಲ್ಮ್‌ನ ಸಂವೇದನೆ ಹಾಕಬೇಕು; ಎರಡೂ ಒಂದೇ ಅಲ್ಲ.

ಎತ್ತರದ ಪರೀಕ್ಷೆ

ನೈಟ್ರಿಕ್ ಆಕ್ಸೈಡ್ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಕೋಡ್‌ನಲ್ಲಿ ಒಂದು ಸ್ವಿಚ್ ಇಡಿ: ಗಾಳಿಯಿಂದ ಬಂದದ್ದು, ಇಲ್ಲವೇ ಮೈಮೇಲೆ ಮೊದಲೇ ಸ್ಥಿರವಾಗಿ ತುಂಬಿದ್ದು. 1000 ಕೆಲ್ವಿನ್ ಒಂದೇ ತಾಪವೆಂದು ಹಿಡಿದರೆ 160ರಿಂದ 240 ಕಿ.ಮೀ.ಗೆ ಏರುವಷ್ಟರಲ್ಲಿ ಆಮ್ಲಜನಕ ಪರಮಾಣು 4 ಪಟ್ಟು ತಗ್ಗುತ್ತದೆ. ಗಾಳಿಯ ನೈಟ್ರಿಕ್ ಆಕ್ಸೈಡನ್ನೂ ಗುಣಿಸಿದರೆ ಹೊಳಪು ಸುಮಾರು 60 ಪಟ್ಟು ತಗ್ಗಬೇಕು. ಅಟ್ಮಾಸ್ಫಿಯರ್ ಎಕ್ಸ್‌ಪ್ಲೋರರ್-ಸಿ ಅಳೆದದ್ದು, 160 ಕಿ.ಮೀ. ಮೇಲೆ ಹೊಳಪು ಆಮ್ಲಜನಕವನ್ನೇ ಅನುಸರಿಸುತ್ತದೆ ಎಂದು. ಅದು ಸ್ವಿಚ್ಚಿನ ಎರಡನೇ ಸ್ಥಾನದ ಪರ. ಆದರೆ ಮೈ ಪೂರ್ತಿ ತುಂಬಿಹೋಗಿದ್ದರೆ ಎಸ್‌ಟಿಎಸ್-39ರಲ್ಲಿ ಇನ್ನಷ್ಟು ಅನಿಲ ಬಿಟ್ಟಾಗ ಹೊಳಪು ಏರಬಾರದಿತ್ತು, ತಾಪಕ್ಕೂ ಅಷ್ಟು ಸ್ಪಂದಿಸಬಾರದಿತ್ತು. ಆದ್ದರಿಂದ ಆವರಿಕೆಯನ್ನು ಒಂದಕ್ಕಿಂತ ಬಹಳ ಕೆಳಗೆ ಇಟ್ಟು, ಅದನ್ನು ಎತ್ತರಕ್ಕೆ ಕಟ್ಟದೆ ತಾಪಕ್ಕೆ ಮಾತ್ರ ಕಟ್ಟುವುದು ಸದ್ಯಕ್ಕೆ ಒಪ್ಪುವ ಏರ್ಪಾಡು. ಎರಡೂ ಸ್ಥಾನಗಳ ಉತ್ತರವನ್ನು ಅಕ್ಕಪಕ್ಕ ಮುದ್ರಿಸಿ. ನಿಜವಾದ ಪ್ರಖರತೆಯ ಅಳತೆಗೋಲನ್ನು ಒಂದೇ ಒಂದು ಚಿತ್ರದಿಂದ ಹೊಂದಿಸಿಕೊಂಡು, ಉಳಿದವಕ್ಕೆ ಅದನ್ನೇ ಬಳಸಿ.

ಎಲ್ಲಿಯವರೆಗೆ ನಂಬಬಹುದು

ಇಲ್ಲಿ ಅಣುಗಳು ದಾರಿಯಲ್ಲಿ ಒಂದಕ್ಕೊಂದು ಡಿಕ್ಕಿಯಾಗುವುದಿಲ್ಲ ಎಂದು ಹಿಡಿದಿದ್ದೇವೆ. 1976ರ ಅಮೆರಿಕದ ಮಾನಕ ವಾತಾವರಣದಲ್ಲಿ ಡಿಕ್ಕಿಗಳ ನಡುವಿನ ಸರಾಸರಿ ದೂರ 300 ಕಿ.ಮೀ. ಎತ್ತರದಲ್ಲಿ 2.6 ಕಿ.ಮೀ., 200ರಲ್ಲಿ ಸುಮಾರು 240 ಮೀ. ಧಾರಾಳ ಎನಿಸುತ್ತದೆ. ಆದರೆ ಬಡಿದು ಮೈಯ ತಾಪಕ್ಕೆ ಒಗ್ಗಿ ನಿಧಾನವಾಗಿ ವಾಪಸು ಹೊರಡುವ ಸಾರಜನಕದ ಅಣುಗಳು ಎದುರುಮುಖದ ಮುಂದೆ ಸುತ್ತಲಿನ 33 ಪಟ್ಟು ಸಾಂದ್ರತೆಯಲ್ಲಿ ಗುಡ್ಡೆಯಾಗುತ್ತವೆ. 200 ಕಿ.ಮೀ.ನಲ್ಲಿ ಆ ದೂರ 7 ಮೀ.ಗೆ ಕುಸಿಯುತ್ತದೆ, ನೌಕೆಯ ಉದ್ದವೋ 37 ಮೀ. ನಮ್ಮ ಪುಟ್ಟ ಹಲಗೆಗೆ ಪರವಾಗಿಲ್ಲ, ಪೂರ್ತಿ ನೌಕೆಗೆ ಆಗದು. 1994ರ ಎಸ್‌ಟಿಎಸ್-62ರಲ್ಲಿ ಹೊಳಪಿನ ಪ್ರಯೋಗಕ್ಕೆಂದೇ ಕಕ್ಷೆಯ ಕೆಳತುದಿಯನ್ನು ಸುಮಾರು 194 ಕಿ.ಮೀ.ಗೆ ಇಳಿಸಿದ್ದರು, ಅಂಥ ಸಂದರ್ಭಕ್ಕೆ ಗ್ರೇಮ್ ಬರ್ಡ್ ರೂಪಿಸಿದ ಡಿಎಸ್‌ಎಂಸಿ ವಿಧಾನವೇ (ಅಣುಗಳ ಡಿಕ್ಕಿಗಳನ್ನು ದಾಳ ಎಸೆದು ಅನುಕರಿಸುವುದು) ಬೇಕು. ಸ್ಯಾಂಡಿಯಾ ಪ್ರಯೋಗಾಲಯದ ಸ್ಪಾರ್ಟಾ ಎಂಬ ಡಿಎಸ್‌ಎಂಸಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹೊಳಪಿನ ಲೆಕ್ಕವನ್ನು ಅದರೊಳಗೆ ತುರುಕಬೇಡಿ. ಪ್ರತಿ ಫಲಕಕ್ಕೆ ಬೀಳುವ ಆಮ್ಲಜನಕದ ಫ್ಲಕ್ಸ್ ಒಂದನ್ನೇ ಅದರಿಂದ ಕಡತಕ್ಕೆ ಬರೆಸಿ, ಮೇಲಿನ ಕೋಡ್‌ನಲ್ಲಿ ಮ್ಯಾಕ್ಸ್‌ವೆಲ್ ಸೂತ್ರದ ಜಾಗದಲ್ಲಿ ಆ ಕಡತವನ್ನು ಓದಿಸಿ. 300 ಕಿ.ಮೀ.ನಲ್ಲಿ ಎರಡೂ ದಾರಿಯ ಉತ್ತರ ಒಂದೇ ಬರಬೇಕು, ಆಮೇಲೆ ಕೆಳಕ್ಕೆ ಇಳಿಯಿರಿ.